ಕತ್ತಲಾದ ಡ್ಯಾಶ್‌ಬೋರ್ಡ್ ಹೇಳುವ ಮಾತು

ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ದೀಪ ಆರಿಹೋದರೆ ಯಾರೂ ಗಾಬರಿಯಾಗುವುದಿಲ್ಲ. ಎಂಜಿನ್ ಕೆಮ್ಮಿದರೆ ಗ್ಯಾರೇಜಿಗೆ ಓಡುತ್ತೇವೆ, ಬ್ರೇಕ್ ಸಡಿಲವಾದರೆ ಮನೆಮಂದಿಯೆಲ್ಲ ಹೆದರುತ್ತಾರೆ, ಬಾಗಿಲಿನ ಮೇಲೊಂದು ಗೀರು ಬಿದ್ದರೆ ವಾರಗಟ್ಟಲೆ ಹಳಹಳಿಸುತ್ತೇವೆ. ಆದರೆ ಸ್ಪೀಡೋಮೀಟರಿನ ಹಿಂದೆ ಬೆಳಗಬೇಕಾದ, ಕಿರುಬೆರಳಿನ ತುದಿಯಷ್ಟಿರುವ ಬಲ್ಬು ಆರಿದರೆ ‘ಹೇಗೂ ಹಗಲಲ್ಲೇ ಓಡಿಸುವುದಲ್ಲವೇ’ ಎಂದು ಸುಮ್ಮನಾಗುತ್ತೇವೆ. ರಾತ್ರಿ ಹೊರಟವರು ಮೊಬೈಲಿನ ಬೆಳಕು ಹಿಡಿದು ಪೆಟ್ರೋಲ್ ಎಷ್ಟಿದೆ ಎಂದು ನೋಡಿಕೊಂಡು ಮುಂದೆ ಸಾಗುತ್ತಾರೆ. ಈ ಉದಾಸೀನ ಎಷ್ಟು ದುಬಾರಿಯಾಗಬಲ್ಲದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅನೇಕ ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕತ್ತಲಾದಾಗ ಕಾರಿನ ಹಿಂಬದಿಯೂ ಕತ್ತಲಾಗಿರುತ್ತದೆ. ಅದು ಚಾಲಕನಿಗೆ ಕಾಣುವುದಿಲ್ಲ. ಹಿಂದೆ ಬರುವ ಲಾರಿಯವನಿಗೆ ಆ ಕಾರೇ ಕಾಣುವುದಿಲ್ಲ.

ನಾನಿರುವ ಮುನಿರಾಬಾದು ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯ ಊರು. ಪಕ್ಕದಲ್ಲೇ ಹುಲಿಗೆಮ್ಮ ದೇವಿಯ ಹುಲಿಗಿ; ಹೊಳೆ ದಾಟಿದರೆ ಹೊಸಪೇಟೆ. ಸೊಲ್ಲಾಪುರದ ಕಡೆಯಿಂದ ಕುಷ್ಟಗಿಯ ಮೇಲೆ ಬರುವ 50ನೇ ರಾಷ್ಟ್ರೀಯ ಹೆದ್ದಾರಿ ಈ ಭಾಗದಲ್ಲೇ ಹೊಳೆ ದಾಟುತ್ತದೆ. ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವ 67ನೇ ಹೆದ್ದಾರಿ ಹಿಟ್ನಾಳ ಕ್ರಾಸಿನ ಬಳಿ ಅದನ್ನು ಕೂಡಿಕೊಳ್ಳುತ್ತದೆ. ಕೊಪ್ಪಳದ ಸುತ್ತಲಿನ ಉಕ್ಕಿನ ಕಾರ್ಖಾನೆಗಳ ಲಾರಿಗಳು, ಗಂಗಾವತಿ ಸೀಮೆಯ ಭತ್ತದ ಟ್ರ್ಯಾಕ್ಟರುಗಳು, ಹುಣ್ಣಿಮೆಗೆ ಹುಲಿಗಿಗೆ ಬರುವ ಭಕ್ತರ ಟಂಟಂ ಮತ್ತು ಕ್ರೂಸರುಗಳು, ಇವೆಲ್ಲದರ ನಡುವೆ ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯದಾದ ಪುಟ್ಟ ಕಾರುಗಳು ಈ ರಸ್ತೆಗಳಲ್ಲಿ ರಾತ್ರಿಯೆಲ್ಲ ಓಡಾಡುತ್ತಿರುತ್ತವೆ. ಅವುಗಳಲ್ಲಿ ಕೊಪ್ಪಳದ ಕೆಎ-37, ಹೊಸಪೇಟೆಯ ಕೆಎ-35 ಸಂಖ್ಯೆಯವಷ್ಟೇ ಇಲ್ಲ. ಬೆಂಗಳೂರಿನ ಕೆಎ-01ರಿಂದ 05ರವರೆಗಿನ ಸಂಖ್ಯೆಯವೂ ಇವೆ. ರಾಜಧಾನಿಯ ಮಧ್ಯಮ ವರ್ಗ ಬೇಸರಬಂದು ಮಾರಿದ ಕಾರು ಎರಡು ಕೈ ಬದಲಾಯಿಸಿ ಇಂಥ ಊರುಗಳಿಗೆ ಬಂದು ಎರಡನೆಯ ಬಾಳು ಆರಂಭಿಸುತ್ತದೆ. ಆದ್ದರಿಂದ ನಾನು ಹೇಳಹೊರಟಿರುವುದು ಮುನಿರಾಬಾದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ.

ಹಳೆಯ ಕಾರುಗಳನ್ನೆಲ್ಲ ಗುಜರಿಗೆ ಹಾಕಿದರೆ ಸಮಸ್ಯೆ ತಾನಾಗಿ ತೀರುತ್ತದೆ ಎನ್ನುವವರಿದ್ದಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಳೆಯ ವಾಹನಗಳನ್ನು ಜನ ತಾವಾಗಿ ಬಿಡಲಿ ಎಂಬುದು ಸರ್ಕಾರದ ಆಶಯ. ಆ ಆಶಯದಲ್ಲಿ ತಪ್ಪಿಲ್ಲ. ಆದರೆ ಸಣ್ಣ ಊರಿನಲ್ಲಿ ಹಳೆಯ ಕಾರೆಂದರೆ ಶೋಕಿಯಲ್ಲ. ಹೆರಿಗೆ ನೋವು ಬಂದಾಗ ಅದೇ ಆಂಬುಲೆನ್ಸು, ಮದುವೆಗೆ ಅದೇ ದಿಬ್ಬಣದ ಗಾಡಿ, ಸಂತೆಗೆ ಅದೇ ಚಕ್ಕಡಿ. ಅದನ್ನು ಕಿತ್ತುಕೊಂಡರೆ ಆ ಕುಟುಂಬ ಹೊಸ ಕಾರಿಗೆ ಏರುವುದಿಲ್ಲ. ನಾಲ್ವರು ಒಂದೇ ಮೋಟರ್‌ಸೈಕಲ್ಲಿಗೆ ಏರುತ್ತಾರೆ. ಹೀಗಾಗಿ ಹಳೆಯ ಕಾರು ಇನ್ನಷ್ಟು ಕಾಲ ರಸ್ತೆಯಲ್ಲಿರುತ್ತದೆ ಎಂಬುದನ್ನು ಒಪ್ಪಿಕೊಂಡು, ಅದು ಯಾರ ಜೀವಕ್ಕೂ ಎರವಾಗದಂತೆ ಇರುವುದು ಹೇಗೆ ಎಂದು ಯೋಚಿಸುವುದೇ ವಿವೇಕ.

ಡ್ಯಾಶ್‌ಬೋರ್ಡಿನಲ್ಲಿ ಎರಡು ಜಾತಿಯ ದೀಪಗಳಿರುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು, ಮೀಟರುಗಳನ್ನು ಬೆಳಗುವ ದೀಪ. ಪಾರ್ಕಿಂಗ್ ಲೈಟಿನ ಸ್ವಿಚ್ ಹಾಕಿದಾಗ ಇದು ಹೊತ್ತಿಕೊಳ್ಳುತ್ತದೆ. ಇನ್ನೊಂದು, ಎಚ್ಚರಿಕೆಯ ದೀಪ. ಕೀಲಿ ತಿರುಗಿಸಿದೊಡನೆ ಹೊತ್ತಿಕೊಂಡು, ಎಂಜಿನ್ ಚಾಲೂ ಆದಮೇಲೆ ಆರಬೇಕಾದ ಆಯಿಲ್ ದೀಪ, ಬ್ಯಾಟರಿ ದೀಪ ಮುಂತಾದವು ಈ ಜಾತಿಗೆ ಸೇರಿದವು. ಮೊದಲನೆಯದು ಆರಿದ್ದರೆ ಅದರ ಮೂಲವೇ ಬೇರೆ, ಎರಡನೆಯದು ಕೆಟ್ಟಿದ್ದರೆ ಅದರ ಮೂಲವೇ ಬೇರೆ. ‘ಡ್ಯಾಶ್‌ಬೋರ್ಡ್ ಲೈಟ್ ಹೋಗಿದೆ’ ಎಂದಷ್ಟೇ ಹೇಳಿ ಗ್ಯಾರೇಜಿನಲ್ಲಿ ಕಾರು ಬಿಟ್ಟು ಬರುವುದು, ‘ಮೈಗೆ ಹುಷಾರಿಲ್ಲ’ ಎಂದಷ್ಟೇ ವೈದ್ಯರಿಗೆ ಹೇಳಿದಂತೆ.

ಈಗ ಮುಖ್ಯ ಸಂಗತಿಗೆ ಬರೋಣ. ಅನೇಕ ಹಳೆಯ ಮಾದರಿಗಳಲ್ಲಿ ಮೀಟರುಗಳನ್ನು ಬೆಳಗುವ ದೀಪ, ಹಿಂಬದಿಯ ಎರಡು ಕೆಂಪು ದೀಪ, ನಂಬರ್ ಪ್ಲೇಟಿನ ದೀಪ ಇವೆಲ್ಲವೂ ಒಂದೇ ಸ್ವಿಚ್ಚಿನಿಂದ, ಒಂದೇ ಫ್ಯೂಸಿನ ಮೂಲಕ ವಿದ್ಯುತ್ ಪಡೆಯುತ್ತವೆ. ಆ ಫ್ಯೂಸ್ ಹೋದರೆ ಎಲ್ಲವೂ ಒಟ್ಟಿಗೆ ಆರುತ್ತವೆ. ಹೆಡ್‌ಲೈಟಿಗೆ ಬೇರೆ ಫ್ಯೂಸ್ ಇರುವುದರಿಂದ ಮುಂದಿನ ರಸ್ತೆ ನಿಚ್ಚಳವಾಗಿಯೇ ಕಾಣುತ್ತಿರುತ್ತದೆ. ಬ್ರೇಕ್ ದೀಪದ ದಾರಿಯೂ ಬೇರೆಯೇ. ಬ್ರೇಕ್ ಒತ್ತಿದರೆ ಅದು ಹೊತ್ತುತ್ತದೆ. ಯಾರಾದರೂ ಹಿಂದೆ ನಿಂತು ‘ಹ್ಞೂಂ, ಲೈಟ್ ಬರುತ್ತಿದೆ’ ಎಂದರೆ ಚಾಲಕ ನಿಶ್ಚಿಂತನಾಗುತ್ತಾನೆ. ಬ್ರೇಕ್ ಒತ್ತದೆ ಸಾಗುವಾಗ ತನ್ನ ಕಾರಿಗೆ ಬೆನ್ನೇ ಇಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ. ಅದನ್ನು ಅವನಿಗೆ ತಿಳಿಸುವ ಸಾಧನ ಒಂದೇ, ಕಣ್ಣೆದುರಿಗೆ ಕತ್ತಲಾಗಿರುವ ಮೀಟರು. ಅದನ್ನೇ ಅವನು ಮೊಬೈಲಿನ ಬೆಳಕಿನಿಂದ ಸರಿದೂಗಿಸಿಕೊಂಡಿರುತ್ತಾನೆ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನವರಿಗಾಗಿ ಹೆಡ್‌ಲೈಟ್ ಡಿಪ್ ಮಾಡಿಕೊಂಡ ಲಾರಿಯ ಚಾಲಕನಿಗೆ, ದೀಪವಿಲ್ಲದ ಕಪ್ಪು ವಸ್ತು ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 40-50 ಮೀಟರ್ ಹತ್ತಿರ ಬಂದಾಗ. ಕಂಡದ್ದನ್ನು ಗ್ರಹಿಸಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಕಳೆದುಹೋಯಿತು. ಉಳಿದ ಇಪ್ಪತ್ತು ಚಿಲ್ಲರೆ ಮೀಟರಿನಲ್ಲಿ ಉಕ್ಕು ತುಂಬಿದ ಲಾರಿ ನಿಲ್ಲುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಆ ಅಪಘಾತಗಳಲ್ಲಿ ಸುಮಾರು ಐದನೇ ಒಂದು ಪಾಲು ಹಿಂದಿನಿಂದ ಗುದ್ದಿದವು. ಅವೆಲ್ಲಕ್ಕೂ ದೀಪವೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಹಿಂದಿನಿಂದ ಬರುವವನಿಗೆ ನಾವಿದ್ದೇವೆಂದು ತಿಳಿಸುವ ದೀಪವೇ ಇಲ್ಲದಿದ್ದರೆ ಅವನ ಎಚ್ಚರವೂ ಕೆಲಸಕ್ಕೆ ಬಾರದು. ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ರಸ್ತೆಯ ಮೇಲಿರುವ ವಾಹನಕ್ಕೆ ಹಿಂಬದಿಯ ಕೆಂಪು ದೀಪ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಸುಮ್ಮನೆ ಅಲ್ಲ.

ವಿದ್ಯುತ್ ಕೆಲಸದಲ್ಲೇ ನೌಕರಿ ಮುಗಿಸಿದವನಾದ್ದರಿಂದ ನನಗೆ ಈ ವಿಷಯದಲ್ಲಿ ಸಹಜ ಕುತೂಹಲ. ನನ್ನ ಬಳಿ ಇರುವುದೂ ಇಪ್ಪತ್ತು ದಾಟಿದ ಪುಟ್ಟ ಕಾರು. ಒಂದು ಮಳೆಗಾಲ ಅದರ ಮೀಟರಿನ ಬೆಳಕು ಮಂದವಾಯಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಾಣದ ಗುರುತಿನ ಜೊತೆ ಇಡೀ ಮೀಟರು ಮಿಣುಕತೊಡಗಿತು. ನಮ್ಮೂರ ಹತ್ತಿರದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಡ್ಯಾಶ್‌ಬೋರ್ಡ್ ಮುಟ್ಟಲೇ ಇಲ್ಲ. ಸ್ವಿಚ್ ಹಾಕಲು ಹೇಳಿ ಕಾರನ್ನೊಂದು ಸುತ್ತು ಬಂದು, ‘ಫ್ಯೂಸ್ ಹೋಗಿಲ್ರೀ ಸರ್ರ. ಹಿಂದಿನ ಲೈಟು ಉಸಿರಾಡಾಕ ಹತ್ಯಾವ ನೋಡ್ರಿ, ಅರ್ತಿಂಗ್ ಸಿಗವಲ್ದು’ ಎಂದರು. ಡಿಕ್ಕಿಯ ಮೂಲೆಯಲ್ಲಿ, ಕಾರಿನ ಮೈಗೆ ಸ್ಕ್ರೂ ಹಾಕಿ ಬಿಗಿದಿದ್ದ ಕಪ್ಪು ವೈರಿನ ತುದಿ ತುಕ್ಕು ಹಿಡಿದು ಹಸಿರುಗಟ್ಟಿತ್ತು. ಅದನ್ನು ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಮತ್ತೆ ಬಿಗಿದರು. ಹಿಂದಿನ ದೀಪ ಕೆಂಪಗೆ ನಿಂತಿತು, ಮುಂದಿನ ಮೀಟರೂ ಬೆಳಗಿತು. ಹೊಸದಾಗಿ ಹಾಕಿದ ಬಿಡಿಭಾಗ ಒಂದೂ ಇರಲಿಲ್ಲ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಮನುಷ್ಯ ಲಕ್ಷಣದಿಂದ ಮೂಲಕ್ಕೆ ಹೋದ ದಾರಿ ಯಾವ ಎಂಜಿನಿಯರಿಗೂ ಮಾದರಿಯಾಗುವಂಥದು.

ಆ ದಾರಿಯನ್ನು ಓದುಗರೂ ತಿಳಿದಿರುವುದು ಒಳ್ಳೆಯದು. ಮೀಟರಿನ ಬೆಳಕು ಆರಿದೆ ಎಂದೊಡನೆ ಮಾಡಬೇಕಾದ ಮೊದಲ ಕೆಲಸ, ಪಾರ್ಕಿಂಗ್ ಲೈಟ್ ಹಾಕಿ ಕೆಳಗಿಳಿದು ಕಾರಿನ ಹಿಂದೆ ಹೋಗಿ ನೋಡುವುದು. ಹಿಂದೆಯೂ ಕತ್ತಲಿದ್ದರೆ ಫ್ಯೂಸ್ ಪೆಟ್ಟಿಗೆ ತೆರೆಯಬೇಕು. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಬೇಕು. ಅದೂ ಸುಟ್ಟರೆ ಮತ್ತೊಂದನ್ನು ಹಾಕುವ ಬದಲು ಕಾರಣ ಹುಡುಕಬೇಕು. ನಮ್ಮಲ್ಲಿ ಇದು ನಡೆಯುವುದು ಕಡಿಮೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ವೈರಿನಿಂದ ಕಿತ್ತ ತಾಮ್ರದ ಎಳೆ ಕಟ್ಟುವುದು, ಹತ್ತರ ಜಾಗದಲ್ಲಿ ಮೂವತ್ತು ಆಂಪಿಯರಿನ ಫ್ಯೂಸ್ ತುರುಕುವುದು ಇವೇ ನಮ್ಮ ಜಾಣತನ. ಈ ದೀಪಗಳೆಲ್ಲ ಸೇರಿ ಬಳಸುವುದು 35-40 ವಾಟ್. 12 ವೋಲ್ಟಿನ ಬ್ಯಾಟರಿಯಿಂದ ಮೂರು ಆಂಪಿಯರಿಗೆ ತುಸು ಹೆಚ್ಚು. ಅದಕ್ಕೆ ತಕ್ಕಂತೆ ವೈರೂ ತೆಳ್ಳಗಿರುತ್ತದೆ. ಎಲ್ಲೋ ವೈರು ಲೋಹಕ್ಕೆ ತಾಗಿದಾಗ ಸಾಯಬೇಕಾದದ್ದು ಫ್ಯೂಸ್. ಅದನ್ನು ಸಾಯಲು ಬಿಡದಿದ್ದರೆ ವೈರು ಕಾಯುತ್ತದೆ, ಅದರ ಹೊದಿಕೆ ಕರಗುತ್ತದೆ, ಪಕ್ಕದ ವೈರುಗಳಿಗೂ ಬೆಂಕಿ ಹತ್ತಬಹುದು.

ಕಾರಣ ಸಿಗುವ ಜಾಗಗಳು ಕೆಲವೇ. ಹಿಂಬದಿ ದೀಪದ ಹೋಲ್ಡರಿನೊಳಗೆ ಮಳೆನೀರು ಸೇರಿರುತ್ತದೆ. ಡಿಕ್ಕಿಯ ಮುಚ್ಚಳದ ಕೀಲಿನ ಬಳಿ, ಸಾವಿರಾರು ಸಲ ಮಡಚಿ ತೆರೆದ ಜಾಗದಲ್ಲಿ, ವೈರಿನ ಹೊದಿಕೆ ಬಿರಿದಿರುತ್ತದೆ. ಭತ್ತದ ಸೀಮೆಯಲ್ಲಿ ಇಲಿ ಕಡಿದದ್ದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಆಮೇಲೆ ಸೇರಿಸಿದ ಮ್ಯೂಸಿಕ್ ಸಿಸ್ಟಮ್ಮಿನ, ಬಣ್ಣಬಣ್ಣದ ಅಲಂಕಾರ ದೀಪಗಳ ವೈರನ್ನು ಮೂಲ ವೈರಿಗೆ ಸುತ್ತಿ ಟೇಪ್ ಅಂಟಿಸಿದ ಗಂಟುಗಳಿರುತ್ತವೆ. ನಮ್ಮ ಕಡೆಯ ಬೇಸಿಗೆಯ ಕಾವಿಗೆ ಆ ಟೇಪಿನ ಅಂಟು ಒಂದೇ ವರ್ಷದಲ್ಲಿ ಬಿಟ್ಟುಕೊಳ್ಳುತ್ತದೆ.

ಹಿಂದಿನ ದೀಪ ಸರಿಯಾಗಿದ್ದು ಮೀಟರು ಮಾತ್ರ ಕತ್ತಲಿದ್ದರೆ ದೋಷ ಡ್ಯಾಶ್‌ಬೋರ್ಡಿನ ಒಳಗಿದೆ ಎಂದರ್ಥ. ಅನೇಕ ಕಾರುಗಳಲ್ಲಿ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಚಿಕ್ಕ ತಿರುಗುಗುಂಡಿ ಇರುತ್ತದೆ. ಮಕ್ಕಳು ಆಡುತ್ತ ಅದನ್ನು ಪೂರ್ತಿ ಇಳಿಸಿರಬಹುದು. ಬಹುಕಾಲ ಮುಟ್ಟದೆ ಬಿಟ್ಟಿದ್ದರೆ ಒಳಗಿನ ತಂತಿಸುರುಳಿಗೆ ಕಿಲುಬು ಹಿಡಿದಿರಬಹುದು. ಹತ್ತು ಸಲ ಆಚೀಚೆ ತಿರುಗಿಸಿದರೆ ಎಷ್ಟೋ ವೇಳೆ ಬೆಳಕು ಮರಳುತ್ತದೆ. ಅದಕ್ಕೂ ಜಗ್ಗದಿದ್ದರೆ ಮೀಟರಿನ ಫಲಕ ಬಿಚ್ಚಬೇಕು. ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತುದಿ ಕಳಚಬೇಕು. ಒಂದು ಭಾಗ ಮಾತ್ರ ಕತ್ತಲಿದ್ದರೆ ಅಲ್ಲಿನ ಬಲ್ಬು ಹೋಗಿರುತ್ತದೆ, ಇಡೀ ಫಲಕ ಕತ್ತಲಿದ್ದರೆ ವಿದ್ಯುತ್ತು ಬರುವ ದಾರಿ ಅಥವಾ ಅರ್ತ್ ಕೆಟ್ಟಿರುತ್ತದೆ. ನಾಲ್ಕು ಬಲ್ಬು ಒಂದೇ ರಾತ್ರಿ ಸುಡುವುದು ತೀರ ಅಪರೂಪ. ಫಲಕದ ಹಿಂದೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ. ಬಿಸಿಲಿಗೆ ಒಣಗಿ ಪೆಡಸಾದ ಆ ಹಾಳೆಯನ್ನು ಆತುರದಲ್ಲಿ ಎಳೆದರೆ ಹರಿಯುತ್ತದೆ. ಬಲ್ಬಿನ ಬುಡ ಕೂರುವ ಜಾಗವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಪ್ಪತ್ತು ರೂಪಾಯಿಯ ಹೊಸ ಬಲ್ಬು ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು.

ಇನ್ನು ಎಚ್ಚರಿಕೆಯ ದೀಪಗಳ ವಿಷಯ. ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ಗುರುತು ಹೊತ್ತಿಕೊಂಡರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಇದು ಬಹಳ ಜನರಿಗೆ ಗೊತ್ತು. ಆದರೆ ಕೀಲಿ ತಿರುಗಿಸಿದಾಗ ಆ ದೀಪ ಹೊತ್ತದೇ ಇದ್ದರೂ ಚಿಂತೆ ಮಾಡಬೇಕು ಎಂಬುದು ಗೊತ್ತಿರುವವರು ಕಡಿಮೆ. ಹಳೆಯ ಬಗೆಯ ಅನೇಕ ಆಲ್ಟರ್ನೇಟರುಗಳಲ್ಲಿ, ವಿದ್ಯುತ್ ಉತ್ಪಾದನೆ ಶುರುವಾಗಲು ಬೇಕಾದ ಮೊದಲ ಕಿರುಪ್ರವಾಹ ಹರಿಯುವುದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಎಚ್ಚರಗೊಳ್ಳದೆ ಇರಬಹುದು. ಬ್ಯಾಟರಿ ಬರಿದಾಗುತ್ತ ಹೋಗಿ ನಡುರಾತ್ರಿ, ನಡುದಾರಿಯಲ್ಲಿ ಹೆಡ್‌ಲೈಟೂ ಸೇರಿ ಎಲ್ಲ ನಿಲ್ಲುತ್ತದೆ. ಅಲ್ಲಿಯವರೆಗೆ ಚಾಲಕನಿಗೆ ಯಾವ ಕೆಂಪು ದೀಪವೂ ಕಂಡಿರುವುದಿಲ್ಲ. ಇಂಥ ಕಾರಿನಲ್ಲಿ ಬ್ಯಾಟರಿಯ ಬಲ್ಬು ಬರೀ ಸುದ್ದಿ ಮುಟ್ಟಿಸುವ ದೂತನಲ್ಲ, ಯಂತ್ರದ ಒಂದು ಅಂಗ.

ಇತ್ತೀಚೆಗೆ ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿಸುವ ಚಟ ಹಬ್ಬಿದೆ. ಮೀಟರು ಬೆಳಗಲು ಎಲ್‌ಇಡಿ ಬಳಸಿದರೆ ದೊಡ್ಡ ಹಾನಿಯಿಲ್ಲ. ಅದನ್ನು ಉಲ್ಟಾ ಕೂರಿಸಿದರೆ ಹೊತ್ತುವುದಿಲ್ಲ, ತೆಗೆದು ತಿರುಗಿಸಿ ಹಾಕಬೇಕು. ಹಳೆಯ ತಿರುಗುಗುಂಡಿಗೆ ಅದು ಸರಿಯಾಗಿ ಬಗ್ಗುವುದಿಲ್ಲ. ಕಣ್ಣು ಕುಕ್ಕುವ ನೀಲಿ ಬೆಳಕನ್ನು ಆರಿಸಿಕೊಂಡರೆ ಹೊರಗಿನ ಕತ್ತಲು ಇನ್ನಷ್ಟು ಕತ್ತಲಾಗಿ ಕಾಣುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಆದರೆ ಮೇಲೆ ಹೇಳಿದ ಬ್ಯಾಟರಿ ದೀಪದ ಜಾಗಕ್ಕೆ ಎಲ್‌ಇಡಿ ಹಾಕಿದರೆ ಅದು ಎಳೆಯುವ ಪ್ರವಾಹ ತೀರ ಕಡಿಮೆಯಾಗಿ ಆಲ್ಟರ್ನೇಟರ್ ಕೆಲಸ ಶುರುಮಾಡದೆ ಇರಬಹುದು. ಅಂದಕ್ಕೆಂದು ಮಾಡಿದ ಬದಲಾವಣೆ ಬುಡಕ್ಕೇ ಬರುವುದು ಹೀಗೆ.

ಹೊಸ ಕಾರು ಕೊಂಡವರು ಇದೆಲ್ಲ ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಕಾಗಿಲ್ಲ. ಅವರದು ಇದರ ತದ್ವಿರುದ್ಧವಾದ ಅಪಾಯ. ಈಗಿನ ಅನೇಕ ಕಾರುಗಳಲ್ಲಿ ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡ್ ಹಬ್ಬದ ಮನೆಯಂತೆ ಬೆಳಗುತ್ತದೆ. ಮುಂದೆ ಹಗಲು ದೀಪವೂ ಹೊತ್ತಿರುತ್ತದೆ. ಬೀದಿದೀಪಗಳಿರುವ ನಗರದ ರಸ್ತೆಯಲ್ಲಿ ಹೆಡ್‌ಲೈಟ್ ಹಾಕಿಲ್ಲ ಎಂಬುದು ಚಾಲಕನ ಅರಿವಿಗೇ ಬರುವುದಿಲ್ಲ. ಹಿಂದಿನ ಕೆಂಪು ದೀಪ ಆರಿಯೇ ಇರುತ್ತದೆ. ಕೆನಡಾ ದೇಶ ಇದನ್ನು ಗಂಭೀರವಾಗಿ ಪರಿಗಣಿಸಿ 2018ರಲ್ಲಿ ತನ್ನ ನಿಯಮ ತಿದ್ದಿತು. 2021ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಹೊಸ ವಾಹನಗಳಿಗೆ ಮೂರು ದಾರಿಗಳನ್ನು ವಿಧಿಸಲಾಯಿತು. ಹಗಲು ದೀಪದ ಜೊತೆಗೇ ಹಿಂಬದಿ ದೀಪವೂ ಹೊತ್ತಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪಗಳು ತಾವಾಗಿ ಹೊತ್ತಿಕೊಳ್ಳಬೇಕು, ಅದೂ ಇಲ್ಲವೆಂದರೆ ಚಾಲಕ ದೀಪ ಹಾಕುವವರೆಗೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇರಬೇಕು. ಈ ಮೂರನೆಯದನ್ನು ಗಮನಿಸಿ. ನಮ್ಮ ಹಳೆಯ ಕಾರುಗಳು ಯಾವ ನಿಯಮದ ಒತ್ತಾಯವೂ ಇಲ್ಲದೆ ಮಾಡುತ್ತ ಬಂದದ್ದು ಇದನ್ನೇ. ಕತ್ತಲಾದ ಮೀಟರು ಚಾಲಕನಿಗೆ ಕೊಡುವ ಸೂಚನೆಗೆ ಒಂದು ಮುಂದುವರಿದ ದೇಶ ಕಾನೂನಿನಲ್ಲಿ ಜಾಗ ಕೊಟ್ಟಿದೆ. ನಾವು ಅದನ್ನು ಬಿಡಿಗಾಸಿನ ದೋಷವೆಂದು ತಳ್ಳಿಹಾಕುತ್ತಿದ್ದೇವೆ.

ತಳ್ಳಿಹಾಕುವುದಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಸೂಚನೆಯನ್ನೇ ಅಡಗಿಸುವ ಕೆಲಸವೂ ನಡೆಯುತ್ತಿದೆ. ಆರದೆ ಉರಿಯುವ ಎಚ್ಚರಿಕೆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಕೊಂಡು ಓಡಿಸುವವರನ್ನು ನಾನು ಕಂಡಿದ್ದೇನೆ. ಹಳೆಯ ಕಾರು ಮಾರುವ ಮುನ್ನ ಆಯಿಲ್ ದೀಪದ ಬಲ್ಬನ್ನೇ ಕಿತ್ತಿಡುವ ಮಧ್ಯವರ್ತಿಗಳೂ ಇದ್ದಾರೆ. ಆದ್ದರಿಂದ ಹಳೆಯ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಒಂದು ಕೆಲಸ ಮಾಡಬೇಕು. ಕೀಲಿಯನ್ನು ಅರ್ಧ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಯಾವ ಯಾವ ದೀಪ ಹೊತ್ತುತ್ತದೆ ಎಂದು ಎಣಿಸಬೇಕು. ಹೊತ್ತದ ದೀಪ ಉರಿಯುವ ದೀಪಕ್ಕಿಂತ ಹೆಚ್ಚು ಅನುಮಾನಕ್ಕೆ ಅರ್ಹ.

ಮುನಿರಾಬಾದಿನಲ್ಲಿ ಕುಳಿತು ಹಳೆಯ ಯಂತ್ರಗಳ ಬಗ್ಗೆ ಬರೆಯುವವನಿಗೆ ಅಣೆಕಟ್ಟೆ ನೆನಪಾಗದೆ ಇರದು. 1945ರಲ್ಲಿ ಶಂಕುಸ್ಥಾಪನೆಯಾಗಿ, ಅಂದಿನ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಎರಡೂ ದಂಡೆಗಳಿಂದ ಕಟ್ಟಿದ ಈ ಅಣೆಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯುಸೆಕ್ ನೀರು ಹೊರಗೆ ಧುಮ್ಮಿಕ್ಕಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನಿಳಿಸಿ ವಾರದೊಳಗೆ ಅದನ್ನು ತಾತ್ಕಾಲಿಕವಾಗಿ ಮುಚ್ಚಿದ್ದು ದೊಡ್ಡ ಸಾಹಸ. ಆ ಸಾಹಸವನ್ನು ಕೊಂಡಾಡಿದ ನಾವೆಲ್ಲ ಒಂದು ಪಾಠವನ್ನೂ ಕಲಿಯಬೇಕಿತ್ತು. ಏಳು ದಶಕ ಸವೆದ ಗೇಟು ಬಿದ್ದದ್ದು ಸರಪಳಿಯ ಕೊಂಡಿಯಿಂದ. ಹಳೆಯದು ಕೆಡುವುದು ಸಾಮಾನ್ಯವಾಗಿ ಅದರ ದೊಡ್ಡ ಭಾಗದಲ್ಲಲ್ಲ, ಯಾರೂ ಲಕ್ಷ್ಯ ಕೊಡದ ಸಣ್ಣ ಭಾಗದಲ್ಲಿ. ಅಣೆಕಟ್ಟೆಗೂ ಕಾರಿಗೂ ಹೋಲಿಕೆ ಅತಿಯಾಯಿತು ಎನ್ನಿಸಬಹುದು. ದುರಸ್ತಿಯ ಶಿಸ್ತು ಮಾತ್ರ ಎರಡಕ್ಕೂ ಒಂದೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಸಾರಿಗೆ ಇಲಾಖೆಯ ಪಾಲಿನದು. 15 ವರ್ಷ ಮೀರಿದ ಕಾರಿನ ನವೀಕರಣಕ್ಕೆ ತಪಾಸಣೆ ನಡೆಯುವುದು ಹಾಡಹಗಲಲ್ಲಿ. ಹೊಗೆ, ಹಾರ್ನು, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳ ಜೊತೆಗೆ ಎರಡು ನಿಮಿಷದ ದೀಪ ಪರೀಕ್ಷೆಯನ್ನೂ ಶ್ರದ್ಧೆಯಿಂದ ಮಾಡಬೇಕು. ಕೀಲಿ ಹಾಕಿದಾಗ ಎಚ್ಚರಿಕೆ ದೀಪಗಳು ಹೊತ್ತಿ, ಎಂಜಿನ್ ಚಾಲೂ ಆದಾಗ ಆರುತ್ತವೆಯೇ? ಪಾರ್ಕಿಂಗ್ ಲೈಟ್ ಹಾಕಿದಾಗ ಮೀಟರು, ಹಿಂಬದಿ ದೀಪ, ನಂಬರ್ ಪ್ಲೇಟ್ ಮೂರೂ ಬೆಳಗುತ್ತವೆಯೇ? ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯೂಸುಗಳಿವೆಯೇ, ತಾಮ್ರದ ಎಳೆಗಳಿವೆಯೇ? ನವೀಕರಣದ ಶುಲ್ಕ ಕಟ್ಟಿದವನಿಗೆ ಇಷ್ಟು ಸೇವೆ ಸಲ್ಲಬೇಕು. ಈ ಪರೀಕ್ಷೆಯಲ್ಲಿ ನಪಾಸಾದವನನ್ನು ದಂಡಿಸಬೇಕಾಗಿಲ್ಲ. ಸರಿಪಡಿಸಿಕೊಂಡು ಬಾ ಎಂದು ಕಳಿಸಿದರೆ ಸಾಕು.

ಎರಡನೆಯದು, ಹೆದ್ದಾರಿಯದು. ಹಿಟ್ನಾಳದಂಥ ಟೋಲ್ ಗೇಟುಗಳಲ್ಲಿ ಪ್ರತಿ ವಾಹನವೂ ನಿಧಾನಿಸುತ್ತದೆ. ಸಂಜೆಯಾದ ಮೇಲೆ ಅಲ್ಲೊಬ್ಬ ಸಿಬ್ಬಂದಿ ಹಿಂಬದಿ ದೀಪವಿಲ್ಲದ ವಾಹನವನ್ನು ಪಕ್ಕಕ್ಕೆ ಕರೆದು, ಸ್ಥಳದಲ್ಲೇ ಬಲ್ಬೋ ಫ್ಯೂಸೋ ಹಾಕಿಸಿ ಕಳಿಸುವ ವ್ಯವಸ್ಥೆಗೆ ಎಷ್ಟು ಖರ್ಚಾದೀತು? ಹುಲಿಗಿಯ ಹುಣ್ಣಿಮೆಯಂಥ ಜನಸಂದಣಿಯ ದಿನಗಳಲ್ಲಾದರೂ ಇದನ್ನು ಪ್ರಯೋಗ ಮಾಡಿ ನೋಡಬಹುದು.

ಮೂರನೆಯದು, ಕೈಕಸುಬಿನವರದು. ನೋಡಿ ಕಲಿತ ನಮ್ಮ ಮೇಸ್ತ್ರಿಗಳಲ್ಲಿ ಅಪಾರ ಜಾಣ್ಮೆಯಿದೆ. ಆದರೆ ಮಲ್ಟಿಮೀಟರ್ ಹಿಡಿದು ಅಳೆದು ನೋಡುವ, ವೈರಿಂಗ್ ನಕ್ಷೆ ಓದುವ ತರಬೇತಿ ಅವರಲ್ಲಿ ಬಹಳ ಜನಕ್ಕೆ ಸಿಕ್ಕಿಲ್ಲ. ಜಿಲ್ಲೆಯ ಐಟಿಐಗಳು ಭಾನುವಾರಗಳಂದು ಅವರಿಗಾಗಿ ಕನ್ನಡದಲ್ಲಿ ಕಿರು ತರಗತಿಗಳನ್ನು ನಡೆಸಬೇಕು. ಆ ನಕ್ಷೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟರಂತೂ ಅದು ಭಾಷೆಗೂ ಸಂದ ಸೇವೆ.

ಕೊನೆಯದು ನಮ್ಮದೇ. ತಿಂಗಳಿಗೊಮ್ಮೆ, ಕತ್ತಲಾದ ಮೇಲೆ, ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಬೇಕು. ಕನ್ನಡಿಯಲ್ಲಿ ಗೋಡೆಯ ಮೇಲೆ ಎರಡು ಕೆಂಪು ಬೆಳಕು ಕಂಡರೆ ಸರಿ. ಒಂದೇ ಕಂಡರೆ ಒಂದು ಬಲ್ಬು ಹೋಗಿದೆ. ಅದನ್ನು ಮಾತ್ರ ಮೀಟರಿನ ದೀಪ ಹೇಳಲಾರದು. ಎರಡೂ ಕಾಣದೆ ಮೀಟರೂ ಕತ್ತಲಿದ್ದರೆ ಅಂದು ರಾತ್ರಿ ಹೆದ್ದಾರಿಗೆ ಇಳಿಯಕೂಡದು. ಬೆಳಗಾದ ಮೇಲೆ ಫ್ಯೂಸ್ ಪೆಟ್ಟಿಗೆ ತೆರೆದರಾಯಿತು. ಕಾರು ಹಳೆಯದಾಗುವುದು ಯಾರ ತಪ್ಪೂ ಅಲ್ಲ. ಅದು ಕತ್ತಲಾಗಿ ಕೊಟ್ಟ ಸೂಚನೆಯನ್ನು ಕಂಡೂ ಕಾಣದಂತೆ ಓಡಿಸಿದರೆ, ಅದರ ಬೆಲೆ ತೆರುವವರು ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳು.